ಸಹಾಯ ಬೇಕು: ತಮ್ಮನ ಕೈಕಾಲು ಹಠಾತ್ತನೆ ತಿರುಚಿಕೊಳ್ಳುವ ತೊಂದರೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 16 ವರ್ಷ. ತರಗತಿಯಲ್ಲಿ ಹೆಸರು ಕರೆದಾಗ ಥಟ್ಟನೆ ಎದ್ದರೆ, ಬಸ್ ಹಿಡಿಯಲು ಓಡತೊಡಗಿದರೆ ಅವನ ಎಡಗೈ, ಎಡಗಾಲು ತಿರುಚಿಕೊಳ್ಳುತ್ತವೆ, ಬಾಯಿ ಸೊಟ್ಟಗಾಗುತ್ತದೆ. ಅರ್ಧ ನಿಮಿಷದೊಳಗೆ ಎಲ್ಲವೂ ಸರಿಹೋಗುತ್ತದೆ. ಪ್ರಜ್ಞೆ ತಪ್ಪುವುದಿಲ್ಲ. ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ), ಎಂಆರ್‌ಐ ಎರಡರಲ್ಲೂ ದೋಷ ಕಾಣಲಿಲ್ಲ. ಅಷ್ಟಕ್ಕೇ ವೈದ್ಯರು ಇದು ಮನಸ್ಸಿನ ಕಾಯಿಲೆ, ಗಮನ ಸೆಳೆಯುವ ನಟನೆ ಎಂದು ತೀರ್ಮಾನಿಸಿ ಆತಂಕದ ಮಾತ್ರೆ ಬರೆದುಕೊಟ್ಟರು. ಗಾಳಿ ಸೋಕಿದೆ ಎನ್ನುವವರೂ ಊರಿನಲ್ಲಿದ್ದಾರೆ. ಈಗ ಅವನು ಜನರೆದುರು ಏಳುವುದಕ್ಕೇ ಹೆದರುತ್ತಾನೆ. ನೋಡಿದರೆ ಕರುಳು ಹಿಂಡಿದಂತಾಗುತ್ತದೆ.

ಈಚೆಗೆ ನರರೋಗ ತಜ್ಞರೊಬ್ಬರು ಮೊಬೈಲ್ ವಿಡಿಯೊ ನೋಡಿ, ಪ್ಯಾರಾಕ್ಸಿಸ್ಮಲ್ ಕೈನೆಸಿಜೆನಿಕ್ ಡಿಸ್ಕೈನೀಸಿಯಾ ಇರಬಹುದು ಎಂದರು. ಹಠಾತ್ ಚಲನೆಯಿಂದಲೇ ಕೆರಳುವ ಅಪರೂಪದ ಕಾಯಿಲೆ ಇದು. ಪಿಆರ್‌ಆರ್‌ಟಿ2 ಜೀನ್‌ನ ದೋಷ ಇದಕ್ಕೆ ಮುಖ್ಯ ಕಾರಣವೆಂದು 2011ರಲ್ಲಿ ಪತ್ತೆಯಾಯಿತು. ಹೆಚ್ಚಿನವರಿಗೆ ಕಡಿಮೆ ಪ್ರಮಾಣದ ಕಾರ್ಬಮಜೆಪಿನ್‌ನಲ್ಲೇ ಹತೋಟಿಗೆ ಬರುತ್ತದಂತೆ. ಆದರೆ ಅಪರೂಪಕ್ಕೆ ಚರ್ಮಕ್ಕೆ ಗಂಭೀರ ಅಪಾಯ ತರುವ ಔಷಧಿಯಾದ್ದರಿಂದ ಶುರುಮಾಡುವ ಮೊದಲು ರಕ್ತಪರೀಕ್ಷೆ ಮುಗಿಯಲಿ ಎಂದಿದ್ದಾರೆ.

ನಮ್ಮ ಸೋದರತ್ತೆಗೂ ಹರೆಯದಲ್ಲಿ ಹೀಗೆಯೇ ಆಗುತ್ತಿತ್ತು, ಮೂವತ್ತರ ಹೊತ್ತಿಗೆ ತಾನಾಗಿ ನಿಂತಿತು ಎಂದು ಅಪ್ಪ ಹೇಳುತ್ತಾರೆ. ಜೀನ್ ಪರೀಕ್ಷೆಯನ್ನು ಸೋದರತ್ತೆಗೂ ಮಾಡಿಸಬೇಕೇ?

ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ದಯವಿಟ್ಟು ತಿಳಿಸಿ. ಜೀನ್ ಪರೀಕ್ಷೆಗೆ ಎಷ್ಟು ಖರ್ಚಾಯಿತು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಲನೆಯ ತೊಂದರೆಗಳನ್ನು ನೋಡುವ ವೈದ್ಯರನ್ನು ಕಾಣಲು ಯಾವ ದಿನ ಹೋಗಬೇಕು? ಪರೀಕ್ಷಾ ಕೊಠಡಿಯಲ್ಲಿ ಅವನಿಗೆ ನಿಧಾನವಾಗಿ ಏಳಲು ಅವಕಾಶ ಕೊಡುವಂತೆ ಶಾಲೆಗೆ ಯಾವ ಪ್ರಮಾಣಪತ್ರ ಕೊಡಬೇಕಾಗುತ್ತದೆ?