ಅಪ್‌ಡೇಟ್: ದಾದರ್ ಸ್ಟೇಷನ್ ತಲೆಯಿಂದ ಆಚೆ ಬಂತು!

ನಮ್ಮ ಮಾಟುಂಗಾ ಗೆಳೆಯರ ಕನ್ನಡ ಆಡಿಯೋ ನಾಟಕದಲ್ಲಿ ಮುಂಬೈನ ದಾದರ್ ಸ್ಟೇಷನ್ ದೃಶ್ಯ ಇದೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಸದ್ದೆಲ್ಲ ತಲೆಯೊಳಗೇ ಕೂತಂತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಸರಿಹೋಯ್ತು, ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಜಾಸ್ತಿ ಕೆಲಸಕ್ಕೆ ಬಂದಿದ್ದು ಪ್ರತಿಧ್ವನಿ ಸೇರಿಸಿ ಅನ್ನುವ ಸಲಹೆ. ಬೈನಾರಲ್ ಪ್ಯಾನರ್ (ಹೆಡ್‌ಫೋನ್‌ನಲ್ಲಿ ಸದ್ದನ್ನು ನಮ್ಮ ಸುತ್ತ ಬೇಕಾದ ದಿಕ್ಕಿನಲ್ಲಿ ಕೂರಿಸುವ ಸಾಫ್ಟ್‌ವೇರ್) ದಿಕ್ಕನ್ನು ಚೆನ್ನಾಗಿ ತೋರಿಸುತ್ತದೆ. ನೇರ ಎಡಗಡೆಯ ಸದ್ದು ಬಲಗಿವಿಗೆ ಸುಮಾರು 0.6 ಮಿಲಿಸೆಕೆಂಡ್ ತಡವಾಗಿ, ಸ್ವಲ್ಪ ಮಂಕಾಗಿ ತಲುಪುತ್ತದೆ, ಅದನ್ನೇ ಪ್ಯಾನರ್ ಅನುಕರಿಸುತ್ತದೆ. ಆದರೆ ದೂರ ಗೊತ್ತಾಗಬೇಕಾದರೆ ಗೋಡೆ, ಚಾವಣಿಗೆ ಬಡಿದು ಮೊದಲು ವಾಪಸ್ ಬರುವ ಸದ್ದುಗಳು ಬೇಕು. ಚಹಾ ಮಾರುವವನ ಕೂಗಿಗೆ ಅವನ್ನು ಸೇರಿಸಿ, ಒಂದೊಂದನ್ನೂ ಬೇರೆ ದಿಕ್ಕಿನಲ್ಲಿ ಇಟ್ಟೆ. ನೇರ ಸದ್ದು ತಗ್ಗಿಸಿ ಪ್ರತಿಧ್ವನಿ ಹೆಚ್ಚಿಸುತ್ತಾ ಹೋದಂತೆ ಅವನು ಪ್ಲಾಟ್‌ಫಾರ್ಮ್‌ನ ಆ ತುದಿಗೆ ನಡೆದೇಬಿಟ್ಟ. ಮೈ ಜುಮ್ಮೆಂದಿತು!

ಹಿಂದಿನಿಂದ ಬರುವ ಲೋಕಲ್ ಟ್ರೇನ್ ಕೆಲವರಿಗೆ ಮುಂದಿನಿಂದ ಬಂದಂತೆ ಕೇಳುತ್ತಿತ್ತು. ಒಬ್ಬೊಬ್ಬರ ಕಿವಿಯ ಆಕಾರ ಒಂದೊಂದು ಥರ ಅಲ್ವಾ, ಈ ಗೊಂದಲ ಪೂರ್ತಿ ಹೋಗುವುದಿಲ್ಲ. ಟ್ರೇನನ್ನು ಎಡಗಿವಿಯ ಪಕ್ಕದಲ್ಲೇ ಹಾಯಿಸಿದ ಮೇಲೆ ಎಷ್ಟೋ ವಾಸಿ. ಸದ್ದು ಚಲಿಸುತ್ತಿದ್ದರೆ ದಿಕ್ಕು ಹಿಡಿಯುವುದು ಸುಲಭ.

ಜನರ ಗದ್ದಲವನ್ನು ಮಾತ್ರ ಮಾಮೂಲಿ ಸ್ಟೀರಿಯೋದಲ್ಲೇ ಬಿಟ್ಟಿದ್ದೇನೆ. ಎಲ್ಲವನ್ನೂ ಬೈನಾರಲ್ ಮಾಡುವ ಅಗತ್ಯವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸ್ಪೀಕರ್‌ನಲ್ಲಿ ಎಡ-ಬಲ ಎರಡೂ ಸದ್ದು ಎರಡೂ ಕಿವಿಗೆ ಹೋಗಿ ಬೈನಾರಲ್ ಕೆಡುತ್ತದೆ. ಅದಕ್ಕೇ ಸಭಾಂಗಣಕ್ಕೆ ಬೇರೆ ಮಿಕ್ಸ್ ಮಾಡುತ್ತಿದ್ದೇನೆ.