ಗುಜರಿಯಿಂದ ತಂದ ಕಂಪ್ಯೂಟರ್‌ಗೆ ಮೊದಲು ಪ್ಲಗ್ ಹಾಕಬೇಡಿ: ಪ್ರಶ್ನೋತ್ತರ

ಹಳೆ ಕಂಪ್ಯೂಟರ್ ಬಗ್ಗೆ ಪ್ರಶ್ನೆಗಳು ಜಾಸ್ತಿ ಬರುತ್ತಿವೆ, ಒಂದು ಕಡೆ ಉತ್ತರ ಕೊಡಿ ಎಂದು ಗುಂಪಿನ ಅಡ್ಮಿನ್ ಕೇಳಿದರು. ನಾನು ಬೆಂಗಳೂರಿನಲ್ಲಿ ಹಾರ್ಡ್‌ವೇರ್ ರಿಪೇರಿ ಮಾಡುವವನು. 386 ಬೋರ್ಡುಗಳ ಕಾಲದಿಂದ ಇದೇ ಕೆಲಸ (386, 486 ಎಂದರೆ ಪೆಂಟಿಯಂಗೂ ಮುಂಚಿನ ಪ್ರೊಸೆಸರುಗಳು). ಪ್ರಶ್ನೆಯ ಜೊತೆ ಬೋರ್ಡಿನ ಫೋಟೊ ಹಾಕಿದವರಿಗೆ ಒಳ್ಳೆ ಉತ್ತರ ಸಿಗುತ್ತದೆ. "ಆನ್ ಆಗ್ತಿಲ್ಲ ಸರ್, ಏನು ಮಾಡ್ಲಿ" ಎಂದಷ್ಟೇ ಬರೆದರೆ ನಾನೂ ಊಹೆಯನ್ನೇ ಹೇಳಬೇಕಾಗುತ್ತದೆ.

ಪ್ರಶ್ನೆ (ಧಾರವಾಡ): ಚಿಕ್ಕಪ್ಪನ ಪ್ರಿಂಟಿಂಗ್ ಪ್ರೆಸ್ ಮುಚ್ಚಿ ತುಂಬಾ ವರ್ಷ ಆಯಿತು. ಈಗ ಕಟ್ಟಡ ಖಾಲಿ ಮಾಡುವಾಗ ಗುಜರಿಗೆ ಹಾಕಿದ್ದ ರಾಶಿಯಲ್ಲಿ ಒಂದು 486 ಕಂಪ್ಯೂಟರ್ ಸಿಕ್ಕಿತು. ಅವರು ಬರೆದ ಊರಿನ ಇತಿಹಾಸ ಅದರಲ್ಲೇ ಇದೆಯಂತೆ. ಪ್ರಿಂಟ್ ಪ್ರತಿ ಎಲ್ಲೂ ಇಲ್ಲ. ಒಂದು ಸಲ ಆನ್ ಮಾಡಿ ನೋಡಲಾ?

ಉತ್ತರ: ಬೇಡ. ಆನ್ ಆಗುತ್ತದೋ ಇಲ್ಲವೋ ನೋಡೋಣ ಎನ್ನುವ ಕುತೂಹಲಕ್ಕೇ ಎಷ್ಟೋ ಹಳೆ ಮಷೀನುಗಳು ಸತ್ತಿವೆ. ನಿಮಗೆ ಬೇಕಿರುವುದು ಬರಹ ಅಲ್ವಾ? ಹಾಗಾದರೆ ಕಂಪ್ಯೂಟರ್ ಬದುಕಬೇಕೆಂದೇನೂ ಇಲ್ಲ. ಹಾರ್ಡ್ ಡಿಸ್ಕ್ ಬದುಕಿದ್ದರೆ ಸಾಕು.

ಕ್ಯಾಬಿನೆಟ್ ಬಿಚ್ಚಿ. ಡಿಸ್ಕಿಗೆ ಎಷ್ಟು ಡೇಟಾ ಕೇಬಲ್ ಹೋಗಿದೆ ನೋಡಿ. 40 ಪಿನ್ನಿನ ಒಂದೇ ಅಗಲ ಪಟ್ಟಿ ಇದ್ದರೆ ಅದು ಐಡಿಇ ಬಗೆಯ ಡಿಸ್ಕ್. 486ರಲ್ಲಿ ಸಾಮಾನ್ಯವಾಗಿ ಇದೇ. ಒಂದು ಅಗಲ, ಒಂದು ಸಣ್ಣ ಹೀಗೆ ಎರಡು ಪಟ್ಟಿ ಇದ್ದರೆ ಅದು ಇನ್ನೂ ಹಳೆ ಕಾಲದ ಎಂಎಫ್‌ಎಂ ಡಿಸ್ಕ್. ಆಗ ಅದರ ಕಂಟ್ರೋಲರ್ ಕಾರ್ಡನ್ನೂ ಜೊತೆಗೇ ಎತ್ತಿಡಿ. ಬೇರೆ ಕಾರ್ಡಿಗೆ ಹಾಕಿದರೆ ಓದದೇ ಹೋಗಬಹುದು.

ಡಿಸ್ಕಿನ ಮೇಲಿನ ಲೇಬಲ್ಲಿನಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಎಂದು ಮೂರು ಸಂಖ್ಯೆ ಇರುತ್ತವೆ. ಫೋಟೊ ತೆಗೆದಿಡಿ. ಈಗ ಎಲ್ಲರೂ ಮಾಡುವುದು ಯುಎಸ್‌ಬಿ ಅಡಾಪ್ಟರಿಗೆ ಹಾಕಿ ಲ್ಯಾಪ್‌ಟಾಪಿಗೆ ಚುಚ್ಚುವುದು. 1990ರ ದಶಕದ ಶುರುವಿನ ಡಿಸ್ಕುಗಳು ಇದರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಡಿಸ್ಕ್ ಕೆಟ್ಟಿದೆ ಎಂದು ಎಸೆದುಬಿಡುತ್ತಾರೆ. ಅದು ಕೆಟ್ಟಿರುವುದಿಲ್ಲ. ಅಡಾಪ್ಟರ್ ಕೇಳುವುದು ಎಲ್‌ಬಿಎ ಲೆಕ್ಕ (ಸೆಕ್ಟರುಗಳಿಗೆ ಸಾಲಾಗಿ ಕೊಟ್ಟ ಒಂದೇ ಸಂಖ್ಯೆ), ಆ ಡಿಸ್ಕಿಗೆ ಗೊತ್ತಿರುವುದು ಲೇಬಲ್ಲಿನ ಮೂರು ಸಂಖ್ಯೆಗಳ ಲೆಕ್ಕ ಮಾತ್ರ. ಪೆಂಟಿಯಂ 3 ಕಾಲದ, ಐಡಿಇ ಪೋರ್ಟ್ ಇರುವ ಒಂದು ಮಷೀನ್ ಹುಡುಕಿ. ಬಯೋಸಿನಲ್ಲಿ (ಆನ್ ಮಾಡಿದ ಕೂಡಲೇ ತೆರೆಯಬಹುದಾದ ಸೆಟಪ್ ಪರದೆ) ಆ ಸಂಖ್ಯೆಗಳನ್ನು ಕೈಯಲ್ಲೇ ತುಂಬಿ. ಲಿನಕ್ಸ್ ಸಿಡಿಯಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮ್ ಬಳಸಿ ಇಡೀ ಡಿಸ್ಕಿನ ಇಮೇಜ್ (ಒಂದೇ ಫೈಲಾಗಿ ಪೂರ್ತಿ ನಕಲು) ತೆಗೆಯಿರಿ. ಫೈಲುಗಳನ್ನು ಹುಡುಕುವುದು ಆಮೇಲೆ, ಆ ಇಮೇಜಿನ ಒಳಗೆ. ವಿಂಡೋಸ್ ಏನಾದರೂ "ಫಾರ್ಮ್ಯಾಟ್ ಮಾಡಲಾ" ಎಂದು ಕೇಳಿದರೆ ದಯವಿಟ್ಟು ಬೇಡ ಅನ್ನಿ.

ಕರೆಂಟ್ ಕೊಟ್ಟರೂ ಡಿಸ್ಕ್ ತಿರುಗುವ ಸದ್ದು ಬರದಿದ್ದರೆ, ಒಳಗಿನ ಹೆಡ್ಡು ತಟ್ಟೆಗೆ ಅಂಟಿಕೊಂಡಿರಬಹುದು. ಅಲ್ಲಿಗೆ ನಿಲ್ಲಿಸಿ. ಸುತ್ತಿಗೆ, ಸ್ಕ್ರೂಡ್ರೈವರ್ ಹಿಡಿಯಬೇಡಿ. ಫ್ರಿಜ್ಜಿನಲ್ಲಿ ಇಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಹೊರಗೆ ತೆಗೆದ ಕೂಡಲೇ ಒಳಗೆಲ್ಲ ನೀರು ಕಟ್ಟುತ್ತದೆ. ಆ ಹಂತದಲ್ಲಿ ಡೇಟಾ ರಿಕವರಿ ಮಾಡುವವರ ಹತ್ತಿರ ಹೋಗುವುದೇ ಸರಿ.

ಮರುಪ್ರಶ್ನೆ (ಅವರೇ): ಇಮೇಜ್ ಸಿಕ್ಕಿತು ಸರ್! ಪುಟ ವಿನ್ಯಾಸದ ಪೇಜ್‌ಮೇಕರ್ ಫೈಲುಗಳಿವೆ, ಒಂದಷ್ಟು ಟೆಕ್ಸ್ಟ್ ಫೈಲುಗಳೂ ಇವೆ. ಆದರೆ ತೆರೆದರೆ ಕನ್ನಡವೇ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ, ಕಸ. ಹಾಳಾಗಿದೆಯಾ? ಒಳಗೆ ಸಿ-ಡ್ಯಾಕ್ ಎಂದು ಬರೆದ ಉದ್ದದ ಕಾರ್ಡ್ ಕೂಡ ಇದೆ, ಅದು ಏನು?

ಉತ್ತರ: ಹಾಳಾಗಿಲ್ಲ. ಅದು ಕನ್ನಡವೇ. ಆ ಕಾಲದಲ್ಲಿ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ) ಬಳಕೆಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಫಾಂಟ್ ಮಾಡುತ್ತಿದ್ದರು. ತಲಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ, ಅರ್ಕಾವತ್ತು ಮತ್ತೊಂದು ಕಡೆ. ಅದೂ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಫಾಂಟ್ ಇಲ್ಲದೆ ತೆರೆದರೆ ಕಸದ ಹಾಗೆಯೇ ಕಾಣುತ್ತದೆ.

ಆದ್ದರಿಂದ ಮೊದಲ ಕೆಲಸ, ಇಮೇಜಿನ ಒಳಗಿನ ವಿಂಡೋಸ್ ಫೋಲ್ಡರಿನಿಂದ ಎಲ್ಲ ಫಾಂಟ್ ಫೈಲುಗಳನ್ನೂ ಕಾಪಿ ಮಾಡಿಕೊಳ್ಳಿ. ಜನ ಬರಹ ಉಳಿಸಿ ಫಾಂಟ್ ಬಿಟ್ಟುಬಿಡುತ್ತಾರೆ. ಆಮೇಲೆ ಯಾವ ಕಂಪನಿಯ ಫಾಂಟ್ ಎಂದು ಪತ್ತೆ ಹಚ್ಚುವುದೇ ದೊಡ್ಡ ತಲೆನೋವು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆ ಫೈಲುಗಳನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳು ಸುಲಭವಾಗಿ ಸಿಗುತ್ತವೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಫೈಲಾದರೆ ಅದರದೇ ಪರಿವರ್ತಕ ಬೇಕು. 486 ಎಂದಮೇಲೆ ನುಡಿ, ಬರಹಕ್ಕಿಂತ ಹಳೆಯದೇ ಇರಬೇಕು. ಬರಹ ಬಂದದ್ದೇ 1998ರಲ್ಲಿ. ಯಾವುದರಲ್ಲಿ ಬದಲಿಸಿದರೂ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಿ. "ಸೂರ್ಯ", "ಕಾರ್ಯ" ಇಂಥವು ಕೆಡುವುದು ಜಾಸ್ತಿ. ಪೇಜ್‌ಮೇಕರ್ ಫೈಲಿಗೆ ಪೇಜ್‌ಮೇಕರೇ ಒಳ್ಳೆಯದು. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಕೂಡ, ಹಳೆ ಸಿಎಸ್6 ಆವೃತ್ತಿಯವರೆಗೆ, ಪೇಜ್‌ಮೇಕರ್ 6 ಮತ್ತು ಅದರ ನಂತರದ ಫೈಲುಗಳನ್ನು ತೆರೆಯುತ್ತಿತ್ತು. ಈಗಿನದು ತೆರೆಯುವುದಿಲ್ಲ.

ಇನ್ನು ಆ ಕಾರ್ಡ್. ಫೋಟೊ ನೋಡಿ ಖುಷಿಯಾಯಿತು. ಅದು ಜಿಸ್ಟ್ ಕಾರ್ಡ್. ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸವನ್ನು ಪುಣೆಯ ಸಿ-ಡ್ಯಾಕ್ (ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ) ಮುಂದುವರಿಸಿ ಹೊರತಂದದ್ದು. ಇದನ್ನು ಸ್ಲಾಟಿಗೆ ಹಾಕಿದರೆ ಡಾಸ್‌ನಲ್ಲಿ ಓಡುವ ವರ್ಡ್‌ಸ್ಟಾರ್, ಡಿಬೇಸ್‌ನಂಥ ಪ್ರೋಗ್ರಾಮುಗಳಲ್ಲೂ ಕನ್ನಡ ಕಾಣುತ್ತಿತ್ತು. ಅಕ್ಷರ ಬಿಡಿಸುವ ಕೆಲಸವನ್ನು ಕಾರ್ಡೇ ಮಾಡುತ್ತಿತ್ತು. ನಿಮ್ಮ ಟೆಕ್ಸ್ಟ್ ಫೈಲುಗಳು ಇದರಲ್ಲಿ ಮಾಡಿದ್ದಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅವು ಇಸ್ಕಿ ಎಂಬ, ಭಾರತೀಯ ಲಿಪಿಗಳ ಸಂಕೇತದಲ್ಲಿ ಇರುತ್ತವೆ. ಅಲ್ಲಿ ಅಕ್ಷರದ ಆಕಾರಕ್ಕಲ್ಲ, ಅಕ್ಷರಕ್ಕೇ ಸಂಖ್ಯೆ. ಯೂನಿಕೋಡಿನಲ್ಲಿ ಭಾರತೀಯ ಲಿಪಿಗಳ ಜೋಡಣೆಗೆ 1988ರ ಇಸ್ಕಿಯೇ ಆಧಾರ. ಹಾಗಾಗಿ ಬದಲಿಸುವುದು ಸಲೀಸು. ಕಾರ್ಡನ್ನು ಮಾತ್ರ ಯಾವ ಕಾರಣಕ್ಕೂ ಗುಜರಿಗೆ ಕೊಡಬೇಡಿ. ನಿಮಗೆ ಬೇಡವಾದರೆ ನನಗೆ ಹೇಳಿ!

ಪ್ರಶ್ನೆ (ಶಿವಮೊಗ್ಗ): ನನ್ನ ಹತ್ತಿರವೂ 386 ಇದೆ. ನನಗೆ ಡೇಟಾ ಬೇಡ, ಮಷೀನೇ ಓಡಬೇಕು. ಬೋರ್ಡಿನ ಮೂಲೆಯಲ್ಲಿ ಹಸಿರು ಬೂಜಿನಂಥದ್ದು ಕಾಣುತ್ತಿದೆ.

ಉತ್ತರ: ಕೀಬೋರ್ಡ್ ಸಾಕೆಟ್ಟಿನ ಹತ್ತಿರ ನೀಲಿಯದೋ ಹಸಿರು ಬಣ್ಣದ್ದೋ ಉರುಟು ಬ್ಯಾಟರಿ ಇದೆ ನೋಡಿ. 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ. ಸೋರಿರುವುದು ಅದೇ. ಈ ರಸ ಕ್ಷಾರ. ಬೋರ್ಡಿನ ತಾಮ್ರದ ಗೆರೆಗಳನ್ನು ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಮಷೀನ್ ಬಳಸದೆ ಮೂಲೆಯಲ್ಲಿಟ್ಟಿದ್ದರೂ ತಿನ್ನುತ್ತಲೇ ಇರುತ್ತದೆ.

ಇವತ್ತೇ ಬ್ಯಾಟರಿ ಕತ್ತರಿಸಿ ತೆಗೆಯಿರಿ. ಕೈಗೆ ಗ್ಲೌಸ್ ಹಾಕಿ. ಹಳೆ ಟೂತ್‌ಬ್ರಷ್ಷನ್ನು ಬಿಳಿ ವಿನೆಗರಿನಲ್ಲಿ ಅದ್ದಿ ಆ ಜಾಗವನ್ನು ಮೆಲ್ಲಗೆ ಉಜ್ಜಿ. ಸಣ್ಣಗೆ ನೊರೆ ಬರಬಹುದು. ಆಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಚೆನ್ನಾಗಿ ತೊಳೆಯಿರಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ವಿನೆಗರ್ ಉಳಿದರೆ ಅದೂ ತಿನ್ನುತ್ತದೆ. ಪೂರ್ತಿ ಒಣಗಲಿ. ಈಗ ಮಲ್ಟಿಮೀಟರನ್ನು ಬೀಪ್ ಮೋಡಿನಲ್ಲಿಟ್ಟು ಕಪ್ಪಾದ ಒಂದೊಂದು ಗೆರೆಯನ್ನೂ ಮುಟ್ಟಿ ನೋಡಿ. ಬೀಪ್ ಬರದ ಕಡೆ ತೆಳು ವೈರಿನಿಂದ ಜಂಪರ್ ಹಾಕಿ. ತಾಳ್ಮೆಯ ಕೆಲಸ, ಆದರೆ ಬೋರ್ಡ್ ಬದುಕುವುದು ಇಲ್ಲೇ.

ಕಿತ್ತ ಬ್ಯಾಟರಿಯ ಜಾಗಕ್ಕೆ ಸಿಆರ್2032 ಸೆಲ್ಲನ್ನು ನೇರವಾಗಿ ಬೆಸುಗೆ ಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಬೋರ್ಡ್ ಅದನ್ನು ಚಾರ್ಜ್ ಮಾಡಲು ಹೋಗುತ್ತದೆ, ಆ ಸೆಲ್ ಚಾರ್ಜ್ ಆಗುವಂಥದ್ದಲ್ಲ. ಮಧ್ಯೆ ಒಂದು ಡಯೋಡ್ ಬೇಕೇ ಬೇಕು.

ಆಮೇಲೆ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ ಪೆಟ್ಟಿಗೆ. ಬೋರ್ಡಿನಿಂದ ಬಿಡಿಸಿ, ಬೇಡದ ಒಂದು ಹಳೆ ಡಿಸ್ಕನ್ನು ಲೋಡಿಗೆಂದು ಜೋಡಿಸಿ, ಸೀರೀಸ್ ಬಲ್ಬಿನ (ಮೇನ್ಸ್ ವೈರಿನ ಮಧ್ಯೆ ಸಾಲಾಗಿ ಸೇರಿಸಿದ ಬಲ್ಬ್) ಮೂಲಕ ಕರೆಂಟ್ ಕೊಡಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್. ಬುರುಡೆ ಬಲ್ಬೇ ಬೇಕು, 60 ಅಥವಾ 100 ವಾಟಿನದು. ಎಲ್‌ಇಡಿ ಹಾಕಿದರೆ ಏನೂ ತಿಳಿಯುವುದಿಲ್ಲ. 5 ಮತ್ತು 12 ವೋಲ್ಟ್ ಸರಿಯಾಗಿ ಬಂದ ಮೇಲೆಯೇ ಬೋರ್ಡಿಗೆ ಜೋಡಿಸಿ. ಆ ಕಾಲದ ಎಟಿ ಬಗೆಯ ಸಪ್ಲೈಯಲ್ಲಿ ಪಿ8, ಪಿ9 ಎಂಬ ಎರಡು ಕನೆಕ್ಟರುಗಳು. ಎರಡರ ಕಪ್ಪು ವೈರುಗಳೂ ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡಿನ ಕಥೆ ಮುಗಿಯಿತು. ಕ್ಯಾಬಿನೆಟ್ಟಿನ ಮುಂಭಾಗದ ಪವರ್ ಸ್ವಿಚ್ಚಿಗೆ ಬರುವುದೂ ನೇರ 230 ವೋಲ್ಟ್, ನೆನಪಿರಲಿ.

ಪ್ರಶ್ನೆ (ಉಡುಪಿ): ಅಟ್ಟದಲ್ಲಿ ಒಂದು ಡಬ್ಬ ತುಂಬಾ ಫ್ಲಾಪಿ ಸಿಕ್ಕಿವೆ, ದೊಡ್ಡವೂ ಚಿಕ್ಕವೂ. ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿದೆ. ಮೊದಲೆರಡು ಓದಿತು, ಆಮೇಲೆ ಯಾವುದೂ ಓದುತ್ತಿಲ್ಲ.

ಉತ್ತರ: ಕರಾವಳಿಯ ಫ್ಲಾಪಿ ಎಂದ ಕೂಡಲೇ ನನಗೆ ಬೂಷ್ಟಿನ ಅನುಮಾನ. ಚಿಕ್ಕ ಫ್ಲಾಪಿಯ ಲೋಹದ ಮುಚ್ಚಳ ಸರಿಸಿ ಟಾರ್ಚ್ ಬಿಟ್ಟು ನೋಡಿ. ಕಂದು ಹಾಳೆಯ ಮೇಲೆ ಬಿಳಿ ಚುಕ್ಕೆ ಇದ್ದರೆ ಅದೇ. ಮೂರನೆಯದರ ಬೂಷ್ಟು ಡ್ರೈವಿನ ಹೆಡ್ಡಿಗೆ ಮೆತ್ತಿಕೊಂಡಿದೆ. ಆಮೇಲೆ ಹಾಕಿದ್ದನ್ನೆಲ್ಲ ಆ ಹೆಡ್ಡು ಗೀರುತ್ತಾ ಬಂದಿರಬಹುದು. ಈಗಲೇ ನಿಲ್ಲಿಸಿ, ಹೆಡ್ಡನ್ನು ಆಲ್ಕೊಹಾಲಿನಲ್ಲಿ ಒರೆಸಿ. ಬೂಷ್ಟು ಇಲ್ಲದವನ್ನು ಬೇರೆ ಮಾಡಿ ಮೊದಲು ಅವನ್ನೇ ಓದಿಸಿ. ಹಾಕುವ ಮುಂಚೆ ರೈಟ್ ಪ್ರೊಟೆಕ್ಟ್ ಮಾಡಿ: ಚಿಕ್ಕದರಲ್ಲಿ ಮೂಲೆಯ ಕಿಂಡಿ ತೆರೆದಿರಬೇಕು, ದೊಡ್ಡದರಲ್ಲಿ ಅಂಚಿನ ಕಚ್ಚು ಟೇಪಿನಿಂದ ಮುಚ್ಚಿರಬೇಕು.

ಬೂಷ್ಟು ಹಿಡಿದದ್ದಕ್ಕೆ ಕವಚ ಬಿಡಿಸಿ, ಒಳಗಿನ ಹಾಳೆಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ, ಬೇರೆ ಚೊಕ್ಕ ಕವಚಕ್ಕೆ ಹಾಕಿ ಓದಿಸಬೇಕು. ಮೊದಲ ಓದಿನಲ್ಲೇ ಇಮೇಜ್ ತೆಗೆಯಿರಿ. ಎರಡನೆಯ ಅವಕಾಶ ಸಿಗದೇ ಹೋಗಬಹುದು.

ದೊಡ್ಡ 5.25 ಇಂಚಿನವು ಯುಎಸ್‌ಬಿ ಡ್ರೈವಿಗೆ ಬರುವುದಿಲ್ಲ. ಅದಕ್ಕೆ ಹಳೆ ಡ್ರೈವ್ ಒಂದು, ಅದನ್ನು ಯುಎಸ್‌ಬಿಗೆ ಜೋಡಿಸಲು ಗ್ರೀಸ್‌ವೀಸಲ್ ಎಂಬ ಪುಟ್ಟ ಬೋರ್ಡ್ ಒಂದು ಬೇಕು.

ಪ್ರಶ್ನೆ (ಮೈಸೂರು): ನಾನು ಪಾಠ ಮಾಡುವ ಶಾಲೆಯ ಸ್ಟೋರ್ ರೂಮಿನಲ್ಲಿ ಬಿಬಿಸಿ ಮೈಕ್ರೊ ಎಂದು ಬರೆದ ಕೀಬೋರ್ಡಿನಂಥ ಪೆಟ್ಟಿಗೆ ಇದೆ. ಪ್ಲಗ್ ಹಾಕಿದೆವು. ಮೊದಲು ಚೆನ್ನಾಗಿತ್ತು, ಸ್ವಲ್ಪ ಹೊತ್ತಿಗೆ ಹೊಗೆ ಬಂತು. ಕೆಟ್ಟ ವಾಸನೆ. ಹೋಯಿತಾ?

ಉತ್ತರ: ಪ್ಲಗ್ ಹಾಕಬೇಡಿ ಎಂದು ಮೇಲೆ ಹೇಳುತ್ತಲೇ ಇದ್ದೇನೆ ಮೇಷ್ಟ್ರೇ! ಇರಲಿ, ಬಹುಶಃ ಹೋಗಿಲ್ಲ. ಅದರ ಪವರ್ ಸಪ್ಲೈಯಲ್ಲಿ ರಿಫಾ ಕಂಪನಿಯ ಹಳದಿ, ಪಾರದರ್ಶಕ ಕೆಪಾಸಿಟರುಗಳಿರುತ್ತವೆ. ಒಳಗೆ ಕಾಗದದ ಸುರುಳಿ. ವರ್ಷಗಳಾದಂತೆ ಹೊರಗಿನ ಕವಚ ಬಿರುಕು ಬಿಟ್ಟು ಕಾಗದ ತೇವ ಹೀರುತ್ತದೆ. 230 ವೋಲ್ಟ್ ಬಿದ್ದರೆ ಸುಟ್ಟು ಹೊಗೆ. ನಾತ ವಿಪರೀತ, ಆದರೆ ಸಾಮಾನ್ಯವಾಗಿ ಮುಖ್ಯ ಬೋರ್ಡಿಗೆ ಏನೂ ಆಗುವುದಿಲ್ಲ. ಅದೇ ಮೌಲ್ಯದ, ಎಕ್ಸ್2 ಗುರುತು (ಮೇನ್ಸಿಗೆ ಬಳಸುವ ಸುರಕ್ಷತಾ ಬಗೆ) ಇರುವ, 275 ವೋಲ್ಟ್ ಎಸಿ ಕೆಪಾಸಿಟರ್ ಹಾಕಿಸಿ. ಸಾಮಾನ್ಯ ಕೆಪಾಸಿಟರ್ ಬೇಡವೇ ಬೇಡ. ಇದು ಮೇನ್ಸ್ ಕೆಲಸ, ಗೊತ್ತಿರುವವರೇ ಮಾಡಲಿ, ಮಕ್ಕಳ ಕೈಗೆ ಕೊಡಬೇಡಿ.

1984ರಲ್ಲಿ ಶುರುವಾದ ಕ್ಲಾಸ್ ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಸರ್ಕಾರ ಶಾಲೆಗಳಿಗೆ ಕೊಟ್ಟದ್ದು ಇದೇ ಮಷೀನ್. 2 ಮೆಗಾಹರ್ಟ್ಸ್‌ನ 6502 ಚಿಪ್, 32 ಕೆಬಿ ಮೆಮೊರಿ. ರಿಪೇರಿ ಆದ ಮೇಲೆ ಆನ್ ಮಾಡಿದಾಗ ಮೊದಲು ಒಂದು ದಪ್ಪ ಸ್ವರ, ಹಿಂದೆಯೇ ಒಂದು ತೆಳು ಬೀಪ್ ಬಂದರೆ ಜೀವ ಇದೆ ಎಂದರ್ಥ. ದಪ್ಪ ಸ್ವರ ಎಳೆದುಕೊಂಡೇ ಇದ್ದರೆ ಬೋರ್ಡಿನಲ್ಲಿ ತೊಂದರೆ. ವಿಡಿಯೊ ಔಟ್ ಎಂಬ ಬಿಎನ್‌ಸಿ ಸಾಕೆಟ್ಟಿನಿಂದ ಟಿವಿಯ ಹಳದಿ ಎವಿ ಸಾಕೆಟ್ಟಿಗೆ ವೈರ್ ಕೊಡಿ. ಚಿತ್ರ ಕಪ್ಪು-ಬಿಳುಪಾಗಿ ಬರಬಹುದು, ಅದು ದೋಷವಲ್ಲ.

ಪ್ರಶ್ನೆ (ನ್ಯೂಜೆರ್ಸಿ): ಇಲ್ಲಿ ಒಬ್ಬರು ರಸ್ತೆ ಬದಿ ಇಟ್ಟಿದ್ದ ಆಪಲ್ ಕಂಪನಿಯ ಹಳೆ ಮ್ಯಾಕಿಂಟೋಷ್ ಎಸ್‌ಇ/30 ಕಂಪ್ಯೂಟರ್ ತಂದಿದ್ದೇನೆ. ಮುಂದಿನ ಸಲ ಊರಿಗೆ ತರಬೇಕೆಂದಿದ್ದೇನೆ.

ಉತ್ತರ: ತರುವ ಮುಂಚೆ ಒಳಗಿನ 3.6 ವೋಲ್ಟಿನ ಗಿಡ್ಡ ಲಿಥಿಯಂ ಬ್ಯಾಟರಿ ತೆಗೆದುಬಿಡಿ. ಅದು ಒಡೆದರೆ ಬೋರ್ಡೂ ಹೋಗುತ್ತದೆ, ಚಾಸಿಯೂ ತುಕ್ಕು. ಹಿಂದಿನ ಲೇಬಲ್ಲಿನಲ್ಲಿ ವೋಲ್ಟೇಜ್ ಓದಿ, 240ರವರೆಗೆ ಎಂದಿಲ್ಲದಿದ್ದರೆ ಇಲ್ಲಿ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪಿಕ್ಚರ್ ಟ್ಯೂಬಿನ ಕೆಂಪು ವೈರಿನ ರಬ್ಬರ್ ಕಪ್ ಮುಟ್ಟಲೇಬೇಡಿ, ಪ್ಲಗ್ ತೆಗೆದ ಮೇಲೂ ಅಲ್ಲಿ ಚಾರ್ಜ್ ಇರುತ್ತದೆ. ಪರದೆಯಲ್ಲಿ ಪಟ್ಟೆ ಪಟ್ಟೆ ಕಂಡರೆ, ಸದ್ದು ಕ್ಷೀಣವಾಗಿದ್ದರೆ, ಬೋರ್ಡಿನ ಪುಟ್ಟ ಕೆಪಾಸಿಟರುಗಳು ಸೋರಿವೆ. ಎಲ್ಲವನ್ನೂ ಬದಲಿಸಬೇಕು.

ಪ್ರಶ್ನೆ (ಹಾಸನ): ಗುಜರಿಯವರು ಹಳೆ ಪ್ರೊಸೆಸರುಗಳಿಗೆ ಜಾಸ್ತಿ ದುಡ್ಡು ಕೊಡುತ್ತೇವೆ ಅನ್ನುತ್ತಾರೆ. ಚಿನ್ನ ಇರುವುದು ನಿಜವಾ? ಮನೆಯಲ್ಲೇ ತೆಗೆಯಬಹುದಾ?

ಉತ್ತರ: ನಿಜ. ಆದರೆ ತೆಗೆಯಬೇಡಿ. ಆಸಿಡ್ ಹೊಗೆ ಶ್ವಾಸಕೋಶಕ್ಕೆ, ಉಳಿದ ಆಸಿಡ್ ಚರಂಡಿಗೆ. ಓಡುವ ಪ್ರೊಸೆಸರನ್ನು ಹಳೆ ಕಂಪ್ಯೂಟರ್ ಹುಚ್ಚಿನವರಿಗೆ ಮಾರಿ. ನಿಜವಾಗಿಯೂ ಸತ್ತದ್ದನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೆ ಕೊಡಿ.

ಪ್ರಶ್ನೆ (ತುಮಕೂರು): ಹಳದಿಯಾದ ಕ್ಯಾಬಿನೆಟ್ ಬೆಳ್ಳಗೆ ಮಾಡುವುದು ಹೇಗೆ?

ಉತ್ತರ: ಸುಮ್ನೆ ಬಿಡಿ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡುವ ವಿಧಾನ ಇದೆ, ಬೆಳ್ಳಗಾಗುತ್ತದೆ. ಕೆಲವು ಸಲ ಮತ್ತೆ ಹಳದಿಯಾಗುತ್ತದೆ, ಕೆಲವು ಸಲ ಕಲೆ ಬೀಳುತ್ತದೆ. ನನ್ನ ಕಣ್ಣಿಗೆ ಹಳದಿಯೇ ಚೆಂದ.

ಪ್ರಶ್ನೆ (ಬೆಂಗಳೂರು): ಇದಕ್ಕೆಲ್ಲ ಬಿಡಿಭಾಗ ಇಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಸಿಗುತ್ತದಾ? ಒಂದು ಹಳೆ ಟಿವಿಎಸ್ ಗೋಲ್ಡ್ ಕೀಬೋರ್ಡೂ ಬೇಕಿತ್ತು.

ಉತ್ತರ: ಕೆಪಾಸಿಟರ್, ಡಯೋಡ್, ಸೆಲ್ ಹೋಲ್ಡರ್, ಆಲ್ಕೊಹಾಲ್ ಎಲ್ಲ ಸಿಗುತ್ತವೆ. 486 ಕಾಲದ ಬೋರ್ಡ್, ರ‍್ಯಾಮ್ ಕೇಳಿದರೆ ಮುಂದಿನ ಅಂಗಡಿಗಳಲ್ಲಿ ನಗುತ್ತಾರೆ. ಒಳಗಿನ ಗಲ್ಲಿಗಳಲ್ಲಿ ಸೆಕೆಂಡ್ ಹ್ಯಾಂಡ್ ಮಾರುವವರ ಹತ್ತಿರ ಕೇಳಿ. ಹೆಸರು ಹೇಳಿದರೆ ಗೊತ್ತಾಗದು, ಕೆಟ್ಟ ಪಾರ್ಟನ್ನೇ ಕೈಯಲ್ಲಿ ಹಿಡಿದು ಹೋಗಿ. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.

ಗೋಲ್ಡ್ ಕೀಬೋರ್ಡ್ ಡಿಟಿಪಿ ಸೆಂಟರುಗಳು ಮುಚ್ಚಿದ ಕಡೆ ಸಿಗುತ್ತದೆ. ದಪ್ಪ ಉರುಟು ಪಿನ್ನಿನದಾದರೆ ಪಿಎಸ್/2ಗೆ (ಸಣ್ಣ ಉರುಟು ಪಿನ್ನಿಗೆ) ಬದಲಿಸುವ ಸಣ್ಣ ಕನೆಕ್ಟರ್ ಸಾಕು. ಅಲ್ಲಿಂದ ಯುಎಸ್‌ಬಿಗೆ ಮಾತ್ರ ಒಳಗೆ ಚಿಪ್ ಇರುವ ಕನ್ವರ್ಟರೇ ತಗೊಳ್ಳಿ. ಚಿಪ್ ಇಲ್ಲದ ಹಸಿರು-ನೇರಳೆ ಅಡಾಪ್ಟರ್ ಈ ಕೀಬೋರ್ಡಿಗೆ ಆಗುವುದಿಲ್ಲ. ಅಂಗಡಿಯವರು "ಟೆಸ್ಟೆಡ್" ಅಂದರೆ ಅಲ್ಲೇ ಚುಚ್ಚಿ ಎಲ್ಲ ಕೀಗಳನ್ನೂ ಒತ್ತಿ ನೋಡಿ, ಆಮೇಲೆ ದುಡ್ಡು ಕೊಡಿ.