4294967297: ಈ 64 ಎಲ್ಲಿಂದ ಬಂತು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. 2ರ 32ನೇ ಘಾತಕ್ಕೆ 1 ಕೂಡಿಸಿದರೆ 4294967297. ಇದು ಅವಿಭಾಜ್ಯ ಅಂತ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಆಯ್ಲರ್ ಇದನ್ನು 641 × 6700417 ಅಂತ ಒಡೆದು ತೋರಿಸಿದ. ಗುಣಿಸಿ ನೋಡಿದೆ, ಸರಿಯಾಗಿದೆ.

ಇದರ ಯಾವುದೇ ಅವಿಭಾಜ್ಯ ಅಪವರ್ತನದಿಂದ 1 ಕಳೆದರೆ ಉಳಿದದ್ದು 64ರಿಂದ ಭಾಗವಾಗಲೇಬೇಕಂತೆ. ಹಾಗಾಗಿ 193, 257, 449, 577 ನೋಡಿದರೆ ಸಾಕು, ಮುಂದಿನದೇ 641! ಎಷ್ಟು ಕೆಲಸ ಉಳಿಯಿತು ಅಲ್ವಾ?

ಅಪವರ್ತನ 'ಪ' ಅಂತಿಟ್ಟುಕೊಳ್ಳಿ. ಅದರಿಂದ ಭಾಗಿಸಿದಾಗ 2ರ 32ನೇ ಘಾತಕ್ಕೆ ಶೇಷ −1, ವರ್ಗ ಮಾಡಿದರೆ 64ನೇ ಘಾತಕ್ಕೆ ಶೇಷ 1. ಫರ್ಮಾನ ಕಿರು ಪ್ರಮೇಯದಿಂದ (ಪ − 1)ನೇ ಘಾತಕ್ಕೂ ಶೇಷ 1. ಇಲ್ಲಿಯವರೆಗೆ ಅರ್ಥವಾಯಿತು, ಮುಂದೆ ಗಾಡಿ ನಿಂತಿದೆ.

ಎರಡಕ್ಕೂ ಶೇಷ 1 ಬಂದ ಮಾತ್ರಕ್ಕೆ (ಪ − 1) ಯಾಕೆ 64ರಿಂದಲೇ ಭಾಗವಾಗಬೇಕು? ಬರೀ 32ರಿಂದ ಭಾಗವಾದರೆ ಎಲ್ಲಿ ಎಡವಟ್ಟಾಗುತ್ತದೆ? ಹೈಸ್ಕೂಲ್ ಲೆಕ್ಕದ ಮಟ್ಟದಲ್ಲಿ ಯಾರಾದರೂ ಬಿಡಿಸಿ ಹೇಳ್ತೀರಾ?